ಕಲ್ಲುಗಡ್ಡೆ ಗಣರಾಜ್ಯದ ಅಧ್ಯಕ್ಷರ ಸನ್ನಿಧಿಗೆ

ಮಾನ್ಯ ಮಹಾ ಅಧ್ಯಕ್ಷರೇ,

ಕಲ್ಲುಗಡ್ಡೆ ದ್ವೀಪ ಗಣರಾಜ್ಯದ ಸ್ಥಾಪಕರೂ, ಆಜೀವ ಅಧ್ಯಕ್ಷರೂ, ಅದರ ನೌಕಾಪಡೆಯ ದಂಡನಾಯಕರೂ ಆದ ಶ್ರೀ ಅಮರನಾಥ ಅವರಿಗೆ, ಹೊಳೆನರಸೀಪುರ ತಾಲ್ಲೂಕು ಮುದ್ದನಕೊಪ್ಪಲು ಗ್ರಾಮ ಪಂಚಾಯ್ತಿಯ ಅಧ್ಯಕ್ಷೆಯೂ, ತಮ್ಮ ಕೈಯಿಂದಲೇ ತಾಳಿ ಕಟ್ಟಿಸಿಕೊಂಡವಳೂ ಆದ ಆಶಾರಾಣಿಯ ಅನಂತ ನಮಸ್ಕಾರಗಳು. ತಾವು ಸದ್ಯ ನಮ್ಮ ಮನೆಯ ಜಗಲಿಯ ಮೇಲೆಯೇ ಬಿಜಯಂಗೈದಿದ್ದರೂ ನನ್ನೊಡನೆ ಮಾತು ಬಿಟ್ಟಿರುವುದರಿಂದ, ಈ ಅಹವಾಲನ್ನು ಪಂಚಾಯ್ತಿಯ ನೋಟಿಸ್ ಬೋರ್ಡಿನ ಮೂಲಕ ಸಲ್ಲಿಸುತ್ತಿದ್ದೇನೆ, ಮನ್ನಿಸಬೇಕು.

ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದಾಗ ನನ್ನನ್ನು ನಿಲ್ಲಿಸಿದವರು ತಾವೇ. ಕರಪತ್ರದಲ್ಲಿ ತಮ್ಮ ಭಾವಚಿತ್ರದ ಮಗ್ಗುಲಲ್ಲಿ ನನಗೂ ಅಂಚೆಚೀಟಿಯಷ್ಟು ಜಾಗ ಕೊಟ್ಟ ಉಪಕಾರವನ್ನು ಹೇಗೆ ಮರೆಯಲಿ? ಗೆದ್ದ ಮೇಲೆ ತಿರುಗುವ ಕುರ್ಚಿಯಲ್ಲಿ ಕೂರುವ ಕಷ್ಟವನ್ನೆಲ್ಲ ತಾವೇ ಹೊತ್ತು, ಬಾಗಿಲ ಬಳಿ ನಿಲ್ಲುವ ಆರಾಮವನ್ನು ನನಗೆ ಬಿಟ್ಟಿರಿ. ಹೀಗಿರಲು, ಕೆಳಗಿನ ಬೀದಿಯ ಮಲ್ಲಿಗಮ್ಮ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ದೂರು ತಂದರು. ನೋಡೋಣ, ಮಾಡೋಣ ಎಂದು ತಾವು ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿದಿರಿ. ಆ ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿ, "ನಾವು ಓಟ್ ಆಕಿದ್ದು ನಿಂಗಲ್ವೇನವ್ವಾ? ನೀನ್ಯಾಕ್ ಇಂಗೆ ಬಾಗ್ಲಲ್ಲಿ ನಿಂತಿದ್ದೀಯೆ?" ಎಂದರು.

ಅಂದು ನನಗೆ ಊಟ ಸೇರಲಿಲ್ಲ. ಮರುದಿನ ತಮಗಿಂತ ಮುಂಚೆ ಹೋಗಿ ಕುರ್ಚಿಯಲ್ಲಿ ಕುಳಿತೆ. ತಾವು ಬಂದು ನಿಂತಾಗ, "ಆ ಬೆಂಚಿನ್ ಮ್ಯಾಲೆ ಕೂತ್ಕಳಿ" ಎಂದಷ್ಟೇ ಹೇಳಿದೆ. ಅಷ್ಟಕ್ಕೇ ತಾವು ಪಂಚಾಯ್ತಿಯ ಹರಿಗೋಲನ್ನು ಬಿಚ್ಚಿಕೊಂಡು, ಒಂದು ಪ್ಲಾಸ್ಟಿಕ್ ಕುರ್ಚಿ, ಟಾರ್ಪಾಲು ಮತ್ತು ನಮ್ಮ ಮೇಕೆಗಳ ಸಮೇತ ಹೇಮಾವತಿಯ ನಡುವಿನ ಕಲ್ಲುಗಡ್ಡೆಗೆ ದಯಮಾಡಿಸಿ, ನನ್ನ ಹಳೇ ಸೀರೆಯ ತುಂಡನ್ನು ಅಲ್ಲಿನ ಮರಕ್ಕೆ ಧ್ವಜವಾಗಿ ಏರಿಸಿ, ಸ್ವತಂತ್ರ ಗಣರಾಜ್ಯ ಸ್ಥಾಪಿಸಿದಿರಿ.

ತಮ್ಮ ಆಡಳಿತವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋದದ್ದಿಲ್ಲ, ಅವಿಶ್ವಾಸ ನಿರ್ಣಯವಿಲ್ಲ. ಮೇಕೆಗಳು ತಮ್ಮ ಪ್ರತಿ ಭಾಷಣಕ್ಕೂ ತಲೆಯಾಡಿಸಿದವು. ಆದರೆ ಊರಿನ ಒಂದೇ ಹರಿಗೋಲನ್ನು ತಾವು ನೌಕಾಪಡೆಗೆ ಸೇರಿಸಿಕೊಂಡದ್ದರಿಂದ, ಆಚೆ ದಡದಲ್ಲಿ ಹೊಲವಿರುವ ಹೆಂಗಸರು ಬುತ್ತಿ ಹೊತ್ತು ಸೇತುವೆ ಸುತ್ತಿ ನಡೆದರು. ದಿನ ತುಂಬಿದ ಬಸುರಿ ಭವ್ಯಶ್ರೀಯೂ ಆಚೆ ದಡದ ತವರಿಗೆ ಹಾಗೆಯೇ ನಡೆದುಹೋದಳು. ಈ ಸಂಗತಿ ತಮ್ಮ ವಿದೇಶಾಂಗ ಖಾತೆಯ ಗಮನಕ್ಕೆ ಬಂದಿರಲಾರದು.

ಅಷ್ಟರಲ್ಲಿ ಮೇಲಿನ ಅಣೆಕಟ್ಟೆಯಿಂದ ನೀರು ಬಿಡುತ್ತಾರೆಂದು ಎಚ್ಚರಿಕೆ ಬಂತು. ಹೊಳೆಯ ದಡ ಖಾಲಿ ಮಾಡಿಸುತ್ತಾ ತಮಗೂ ಫೋನ್ ಮಾಡಿದೆ. ಪರರಾಷ್ಟ್ರದವರು ತಲೆ ಹಾಕಕೂಡದೆಂದು ಅಪ್ಪಣೆಯಾಯಿತು. ಮಧ್ಯಾಹ್ನದ ಹೊತ್ತಿಗೆ ನೌಕಾಪಡೆ ಕೊಚ್ಚಿಹೋಯಿತು. ಆಮೇಲೆ ತಮ್ಮಿಂದಲೇ ಫೋನ್ ಬಂತು. "ಆಶಾ, ನೀರು ಮೊಣಕಾಲ್ಗಂಟ ಬಂದ್ಬುಡ್ತು ಕಣೆ" ಎಂದಿರಿ. ಸ್ವಾಮಿ, ನಾನು ಗೆದ್ದ ದಿನದಿಂದ ತಮ್ಮ ಬಾಯಲ್ಲಿ ನನ್ನ ಹೆಸರು ಬಂದಿರಲಿಲ್ಲ. ದೂರಿನ ಪತ್ರದಲ್ಲಿ ಬರೆಯಬಾರದೇನೋ, ಆ ಗಳಿಗೆಯಲ್ಲಿ ನಾನು ಅಧ್ಯಕ್ಷೆಯೆಂಬುದನ್ನೂ ಮರೆತು ನೀರಿನಂಚಿಗೆ ಓಡಿದೆ. ಅಗ್ನಿಶಾಮಕದವರು ಬರುವವರೆಗೂ ಫೋನ್ ಇಡದೆ, ಮರ ಹಿಡಿದುಕೊಳ್ಳಿ, ಬಿಡಬೇಡಿ ಎಂದು ಹೇಳುತ್ತಲೇ ಇದ್ದೆ.

ದೋಣಿ ಇಳಿಸುತ್ತಾ ಅಧಿಕಾರಿ, ಸಿಕ್ಕಿಕೊಂಡವರು ಯಾರೆಂದು ಕೇಳಿದರು. ವಾಟರ್‌ಮ್ಯಾನ್ ಬೈರಯ್ಯ, "ಅಧ್ಯಕ್ಷರು ಸಾ" ಎಂದ. ಹಾಗಾದರೆ ಈಯಮ್ಮ ಯಾರೆಂದಾಗ, "ಇವ್ರೂ ಅಧ್ಯಕ್ಷರೇ ಸಾ. ಇವ್ರು ನಮ್ಗೆ, ಅವ್ರು ಮೇಕೆಗೊಳ್ಗೆ" ಎಂದ. ಊರೆಲ್ಲ ನಕ್ಕಿತು, ನಾನು ನಗಲಿಲ್ಲ. ಮೇಕೆಗಳೊಡನೆ ತಾವು ದಡ ಹತ್ತಿದ ಮೇಲೆ, ಟವೆಲ್ಲಿನಿಂದ ತಮ್ಮ ತಲೆ ಒರೆಸುತ್ತಾ ಅತ್ತುಬಿಟ್ಟೆ.

ಈಗ ಗಣರಾಜ್ಯ ಪೂರ್ತಿ ನೀರಿನಡಿ ಇದ್ದರೂ ತಾವು ರಾಜೀನಾಮೆ ಕೊಟ್ಟಿಲ್ಲ. ಬಂದವರಿಗೆಲ್ಲ, ಹೊಳೆ ಇಳಿಯಲಿ ನೋಡಿ ಎನ್ನುತ್ತಿದ್ದೀರಿ. ಆದ್ದರಿಂದ ನನ್ನ ವಿನಮ್ರ ಬೇಡಿಕೆಗಳು ಇವು: ಮುಂದೆ ಭೂಮಿ ತೇಲುವಂಥ ದೇಶವನ್ನು ಆರಿಸಿಕೊಳ್ಳಬೇಕು, ಯುದ್ಧ ಪರಿಹಾರವಾಗಿ ಹೊಸ ಹರಿಗೋಲು ಬಂದ ಮೇಲೆ ಕೊಯ್ಲು ಮುಗಿಯುವತನಕ ಆ ಹೆಂಗಸರನ್ನು ತಾವೇ ಹುಟ್ಟು ಹಾಕಿ ದಾಟಿಸಬೇಕು, ಮತ್ತು ಕಾಫಿ ಬೇಕಾದಾಗ ಮೇಕೆಯ ಕಡೆ ನೋಡಿಕೊಂಡು ಹೇಳುವ ರಾಜತಾಂತ್ರಿಕ ಪದ್ಧತಿ ಬಿಟ್ಟು, ಆ ದಿನ ಫೋನಿನಲ್ಲಿ ಕರೆದ ಹಾಗೆ ಒಮ್ಮೆ ಹೆಸರು ಹಿಡಿದು ಕರೆಯಬೇಕು. ಕಾಫಿ ತಕ್ಷಣ ಬರುತ್ತದೆ.

ಎರಡೂ ದಡಗಳ ಕ್ಷೇಮ ಬಯಸುವ, ನೆರೆರಾಷ್ಟ್ರದ
ತಮ್ಮ ವಿಶ್ವಾಸಿ,
ಆಶಾರಾಣಿ
ಅಧ್ಯಕ್ಷೆ, ಮುದ್ದನಕೊಪ್ಪಲು ಗ್ರಾಮ ಪಂಚಾಯ್ತಿ

ವಿ.ಸೂ.: ತಮ್ಮ ಗಣರಾಜ್ಯದ ಕೀರ್ತಿ ಅರಕಲಗೂಡು, ಚನ್ನರಾಯಪಟ್ಟಣದ ಕಡೆಗೂ ಹಬ್ಬಿದೆ. ನನ್ನಂತೆಯೇ ಅಧ್ಯಕ್ಷೆಯರಾದ ಹಲವು ಮಹಿಳೆಯರು ಫೋನ್ ಮಾಡಿ, ಹೊಳೆ ಇಳಿದ ಮೇಲೆ ಕಲ್ಲುಗಡ್ಡೆಯಲ್ಲಿ ತಂತಮ್ಮ ಯಜಮಾನರಿಗೂ ಜಾಗ ಸಿಗಬಹುದೇ ಎಂದು ವಿಚಾರಿಸುತ್ತಿದ್ದಾರೆ. ಪ್ಲಾಸ್ಟಿಕ್ ಕುರ್ಚಿಯನ್ನು ಅವರೇ ಕೊಟ್ಟು ಕಳಿಸುತ್ತಾರಂತೆ.