ಹೆಡ್ ಕಾನ್‌ಸ್ಟೇಬಲ್ ಹೆಂಡತಿಯ ವಾರದ ರಜೆ

ಪರರ ಹೆಂಡತಿಗೆ ಸಂಬಳ ಎಷ್ಟೆಂದು ಕೇಳುವುದು ಸಭ್ಯತೆಯಲ್ಲ. ಆದರೆ ಆ ಹೆಂಡತಿ ಪೊಲೀಸಾಗಿದ್ದರೆ ಊರಿಗೆ ಊರೇ ಕೇಳುತ್ತದೆ, ಹೇಳಿದ ಮೇಲೆ ನಂಬುವುದೂ ಇಲ್ಲ. ನನ್ನ ಹೆಂಡತಿ ಪುಷ್ಪಾ ಶಿವಾಜಿನಗರದ ಕಡೆಯ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ನಾನು ಖಾಸಗಿ ಕಾಲೇಜೊಂದರಲ್ಲಿ ಗುಮಾಸ್ತ. ಅವಳ ಕೈಯಲ್ಲಿ ಲಾಠಿ, ನನ್ನ ಕೈಯಲ್ಲಿ ರಬ್ಬರ್ ಸ್ಟಾಂಪು. ಆದರೂ ಮನೆಯಲ್ಲಿ ಸಿಟ್ಟಿನ ಖಾತೆಯನ್ನು ನಾನೇ ವಹಿಸಿಕೊಂಡಿದ್ದೇನೆ. ಅವಳಿಗೆ ಅದಕ್ಕೂ ಪುರಸೊತ್ತಿಲ್ಲ.

ಮೊನ್ನೆ ಸರ್ವಜ್ಞನಗರದ ನಮ್ಮ ಬೀದಿಯ ಬೇಕರಿಯಲ್ಲಿ ಬನ್ನು ಕೊಳ್ಳುತ್ತಿದ್ದೆ. ಬ್ಯಾಂಕಿನಿಂದ ನಿವೃತ್ತರಾದ ಪಕ್ಕದ ಮನೆಯ ಸೆಲ್ವರಾಜ್ ಟೀ ಕುಡಿಯುತ್ತ ಪೇಪರ್ ಓದುತ್ತಿದ್ದರು. ಪೊಲೀಸರ ಸಂಬಳ ಹೆಚ್ಚಿಸಬೇಕೆಂಬ ಸುದ್ದಿಯ ಮೇಲೆ ಬೆರಳಿಟ್ಟು, "ಇವರಿಗೇನ್ ಸಾರ್ ಕಮ್ಮಿ? ಸಂಬಳ ಇದೆ, ಕ್ವಾರ್ಟರ್ಸ್ ಇದೆ, ರಿಟೈರ್ ಆದ್ರೆ ಪೆನ್ಷನ್ ಇದೆ. ಇನ್ನೂ ಯಾಕೆ ಅಳ್ತಾರೆ?" ಎಂದರು.

ನನಗೆ ಮೈಯೆಲ್ಲ ಉರಿಯಿತು. ಪುಷ್ಪಾ ಕೆಲಸಕ್ಕೆ ಸೇರುವಷ್ಟರಲ್ಲಿ ಹಳೆಯ ಪಿಂಚಣಿ ನಿಂತುಹೋಗಿತ್ತು, ಈಗ ಸಂಬಳದಿಂದ ಹಿಡಿಯುವ ದುಡ್ಡು ಶೇರು ಪೇಟೆಯನ್ನು ನಂಬಿಕೊಂಡು ಕೂತಿದೆ ಎಂದೆ. ನಾವಿರುವುದು ಕ್ವಾರ್ಟರ್ಸಿನಲ್ಲಲ್ಲ, ನಿಮ್ಮ ಪಕ್ಕದಲ್ಲೇ ಬಾಡಿಗೆಗೆ ಎಂದೂ ನೆನಪಿಸಿದೆ. ಮೇಷ್ಟ್ರುಗಳಿಗೆ ಬೇಸಿಗೆ ರಜೆ, ಬ್ಯಾಂಕಿನವರಿಗೆ ಎರಡನೆಯ ಶನಿವಾರ. ನಮ್ಮವಳು ಚರ್ಚಿನ ಉತ್ಸವಕ್ಕೂ ನಿಲ್ಲುತ್ತಾಳೆ, ರಂಜಾನಿಗೂ ನಿಲ್ಲುತ್ತಾಳೆ, ಹಲಸೂರು ಕೆರೆಯಲ್ಲಿ ಗಣೇಶನನ್ನು ಬಿಡುವಾಗಲೂ ನಿಲ್ಲುತ್ತಾಳೆ. ನಮ್ಮ ಮನೆಯ ಹಬ್ಬಕ್ಕೆ ಮಾತ್ರ ನಿಂತವಳಲ್ಲ. ಸರ್ಕಾರ ಅರವತ್ತಕ್ಕೆ ನಿವೃತ್ತಿ ಕೊಡುತ್ತದೆ, ಅವಳ ಮಂಡಿಗಳು ನಲವತ್ತೈದಕ್ಕೇ ಅರ್ಜಿ ಹಾಕಿವೆ.

ಎಲ್ಲ ಕೇಳಿದ ಸೆಲ್ವರಾಜ್, ಅದಿರಲಿ, ನಿಮಗೆ ಮುಂದೆ ಪೆನ್ಷನ್ ಎಷ್ಟು ಬರುತ್ತದೆ ಎಂದು ಮೆಲ್ಲಗೆ ಕೇಳಿದರು. ನನ್ನದು ಪಿ.ಎಫ್. ಪಿಂಚಣಿ, ಹೆಚ್ಚೆಂದರೆ ಬನ್ನಿಗೆ ಸಾಕಾದೀತು, ಬೆಣ್ಣೆಗೆ ಸಾಲದು. ಬನ್ನಿನ ಪೊಟ್ಟಣ ಹಿಡಿದು ಮನೆಗೆ ಬಂದೆ.

ಆ ಸಿಟ್ಟಿನಲ್ಲೇ ಪತ್ರಿಕೆಗೊಂದು ಪತ್ರ ಬರೆದೆ. ಸಂಬಳ, ಪಿಂಚಣಿಯ ಮಾತೆಲ್ಲ ಮುಗಿಸಿ, ಪೊಲೀಸರೂ ಮನುಷ್ಯರೇ, ವಾರಕ್ಕೊಂದು ದಿನವಾದರೂ ಅವರು ಕಾಲು ಚಾಚಿ ಕೂರಬೇಡವೇ ಎಂದು ಕೊನೆಯಲ್ಲಿ ಕೇಳಿದ್ದೆ. ಬರೆಯುವಾಗ ನನ್ನ ಕಣ್ಣೇ ಒದ್ದೆಯಾಯಿತು.

ಭಾನುವಾರ ಪುಷ್ಪಾಳಿಗೆ ವಾರದ ರಜೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಪತ್ರವನ್ನು ಗಟ್ಟಿಯಾಗಿ ಓದಿದೆ. ಅವಳು ಬಿರಿಯಾನಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಹೇಗೂ ರಜೆಯಲ್ಲವೇ ಎಂದು ಬಿರಿಯಾನಿ ಕೇಳಿದವನು ನಾನೇ.

"ಚೆನ್ನಾಗಿ ಬರ್ದಿದೀರ," ಎಂದಳು. "ಎರಡು ಕಾಪಿ ಮಾಡಿ. ಒಂದು ಪೇಪರ್‌ಗೆ ಕಳ್ಸಿ. ಇನ್ನೊಂದು ನೀವೇ ಇಟ್ಕೊಳ್ಳಿ."

ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ವಾದಕ್ಕಾದರೂ ಇಳಿಯಬಹುದಿತ್ತು. ಚಾಕುವನ್ನು ನನ್ನ ಕೈಗಿತ್ತು, ಹೋಗಿ ಸೋಫಾದ ಮೇಲೆ ಒರಗಿದಳು. ಇನ್ನು ಮೇಲೆ ಅವಳ ರಜೆಯ ದಿನದ ಅಡುಗೆ ನನ್ನದೆಂದು ತೀರ್ಮಾನವಾಯಿತು. ಅಂದಿನ ಬಿರಿಯಾನಿಯ ವಿಷಯ ಬೇಡ. ಇಬ್ಬರೂ ಮೊಸರನ್ನ ತಿಂದೆವು.

ಮುಂದಿನ ಭಾನುವಾರ ಬೆಳಿಗ್ಗೆಯೇ ಠಾಣೆಯಿಂದ ಫೋನು ಬಂತು. ಯಾವುದೋ ಮೆರವಣಿಗೆ, ಬಂದೋಬಸ್ತು, ರಜೆ ರದ್ದು. ಪುಷ್ಪಾ ಯೂನಿಫಾರಂ ತೊಟ್ಟಳು. ಇದು ಅನ್ಯಾಯವೆಂದು ನಾನು ಸೆಲ್ವರಾಜರ ಮನೆಗೂ ಕೇಳಿಸುವಂತೆ ಕೂಗಾಡಿದೆ. ಅವಳು ಹೋದ ಮೇಲೆ ಮನೆಗೆ ಬೀಗ ಹಾಕಿ ಕಮ್ಮನಹಳ್ಳಿಯ ಹೋಟೆಲಿನತ್ತ ಹೊರಟೆ. ಮೇನ್ ರೋಡ್ ದಾಟುವಾಗ ಗಮನಕ್ಕೆ ಬಂತು: ನಾನು ಸಿಳ್ಳೆ ಹಾಕುತ್ತಿದ್ದೆ.