ಗಿಡವನ್ನು ಉಪವಾಸ ಕೆಡವಿದ ಮಾವ

ಗಿಡಕ್ಕೆ ನೀರು ಹಾಕುವವರನ್ನು ನೀವು ನೋಡಿರುತ್ತೀರಿ, ಕೈಮುಗಿಯುವವರನ್ನೂ ನೋಡಿರುತ್ತೀರಿ. ಗಿಡವನ್ನು ಎರಡು ದಿನ ಉಪವಾಸ ಕೆಡವಿದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಆತ ನನ್ನ ಸೋದರಮಾವ!

ಮಾವ ಕಲಬುರಗಿಯ ದವಾಖಾನೆಯಲ್ಲಿ ಕಂಪೌಂಡರ್. ನಿಜಾಮರ ಕಾಲ, ಶುಕ್ರವಾರ ರಜೆ. ಗುರುವಾರ ಸಂಜೆಯೇ ಗಾಡಿ ಹಿಡಿದು ಕಮಲಾಪುರದ ಮನೆಗೆ ಓಡಿಬರುತ್ತಿದ್ದ. ಅತ್ತೆಯ ಮೇಲಿನ ಪ್ರೀತಿಯೇ? ಛೆ! ಹಿತ್ತಲಲ್ಲಿ ಎಂಟು ಕೆಂಪುಬಾಳೆ ಇದ್ದವು. ಅವುಗಳ ಎಲೆಯ ಮೇಲಿನ ರಸ್ತೆಧೂಳನ್ನು ಒದ್ದೆ ರುಮಾಲಿನಿಂದ ಒರೆಸಿದ ಮೇಲೇ ತನ್ನ ಮುಖ ತೊಳೆಯುವುದು.

ಡಾಕ್ಟರ ಸಾಹೇಬರು ಯಾವುದೋ ಪುಸ್ತಕ ಓದಿ ಹೇಳಿದ್ದರಂತೆ: ಎಲೆಯೇ ಗಿಡದ ಅಡುಗೆಮನೆ. ಬೇರಿನಿಂದ ನೀರು, ಎಲೆಯ ಸಣ್ಣ ತೂತುಗಳಿಂದ ಗಾಳಿ. ಎರಡನ್ನೂ ಕೂಡಿಸಿ ಎಲೆಯ ಹಸಿರು ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತದೆ, ಮಿಕ್ಕಿದ್ದನ್ನು ಗಂಜಿಯಾಗಿ ಕೂಡಿಡುತ್ತದೆ, ನಾವು ಉಸಿರಾಡುವ ಒಳ್ಳೆಯ ಗಾಳಿಯನ್ನು ಹೊರಗೆ ಬಿಡುತ್ತದೆ. ಅಂದಿನಿಂದ ಮಾವ ಬಾಳೆಎಲೆಯ ಮೇಲೆ ಉಣ್ಣುವುದನ್ನೇ ಬಿಟ್ಟ. ಇನ್ನೊಬ್ಬರ ಅಡುಗೆಮನೆ ಕಿತ್ತು ತಾಟು ಮಾಡಿಕೊಳ್ಳುವುದೇ ಎಂದು ಬೀಗರ ಮನೆಯ ಪಂಗ್ತಿಯಿಂದ ಎದ್ದುಬಂದನಂತೆ!

ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟು ಕಲ್ಲು-ಗೋಡೆ ಕಟ್ಟುವ ಗೌಂಡಿಯಾದವನು. ಕೈಕೆಲಸದ ಸೊಕ್ಕು ನನಗೂ ಇತ್ತು. ಆಡಿನ ಕಾಟ ತಾಳಲಾರದೆ ಅತ್ತೆ ಹಿತ್ತಲಿಗೆ ಗೋಡೆ ಬೇಕೆಂದಳು. ಮೂಡಣ ಬದಿಗೆ ಏಳಡಿ ಕರಿಕಲ್ಲಿನ ಗೋಡೆ ಎಬ್ಬಿಸಿದೆ. ಉಸ್ತಾದರಿಲ್ಲದೆ ನಾನೊಬ್ಬನೇ ಕಟ್ಟಿದ ಮೊದಲ ಗೋಡೆ! ನೂಲು ಹಿಡಿದು ನೋಡಿ, ಕೂದಲೆಳೆಯಷ್ಟೂ ಸೊಟ್ಟವಿಲ್ಲ.

ಗುರುವಾರ ಬಂದ ಮಾವ ಗೋಡೆಯನ್ನು ಕಣ್ಣಲ್ಲೇ ಅಳೆದ. ಹೊಗಳುತ್ತಾನೆಂದು ಕಾದೆ.

"ಮೂರಡಿ ಇಳಸು. ಮುಂಜಾನಿ ಬಿಸಿಲು ಬರಂಗಿಲ್ಲ. ಒಲಿ ಆರಿಸಿಬಿಟ್ಟಿ" ಅಂದ.

ನನಗೆ ಉರಿದುಹೋಯಿತು. ಗಿಡ ತಿನ್ನುವುದು ಮಣ್ಣು, ಗೊಬ್ಬರ; ಬಿಸಿಲು ತಿಂದು ಯಾರಾದರೂ ಬದುಕಿದ್ದುಂಟೇ ಎಂದು ಕೇಳಿದೆ. ಪುಸ್ತಕದ ಮಾತು ನನಗೆ ಬೇಡ, ಕಣ್ಣಿಗೆ ತೋರಿಸಿದರೆ ಇಳಿಸುತ್ತೇನೆ, ಇಲ್ಲದಿದ್ದರೆ ಗೋಡೆಯ ಸುದ್ದಿ ಎತ್ತಬಾರದು. ಪಂಥ ಬಿತ್ತು!

ಮುಂದಿನ ಬುಧವಾರ ಮಾವನ ಹುಕುಂ ಪ್ರಕಾರ ಅತ್ತೆ ಅಂಗಳದ ದಾಸವಾಳಕ್ಕೆ ಕರಿಕಂಬಳಿ ಹೊದಿಸಿದಳು. ಕೂಡಿಟ್ಟ ಗಂಜಿಯೆಲ್ಲ ಖರ್ಚಾಗಲೆಂದು ಉಪವಾಸವಂತೆ! ಏಕಾದಶಿಯೂ ಅಲ್ಲ, ಶಿವರಾತ್ರಿಯೂ ಅಲ್ಲ. ಓಣಿಯ ಜನ ಬಂದು ಗಿಡಕ್ಕೆ ಜ್ವರವೇ ಎಂದು ವಿಚಾರಿಸಿ ಹೋದರು.

ಶುಕ್ರವಾರ ಬೆಳಿಗ್ಗೆ ಕಂಬಳಿ ತೆಗೆದು, ಒಂದು ಎಲೆಗೆ ಕರಿಕಾಗದ ಸಿಕ್ಕಿಸಿದ. ಕಾಗದದ ನಡುವೆ ಏನೋ ಕತ್ತರಿಸಿದ್ದ, ನನಗೆ ತೋರಿಸಲಿಲ್ಲ. ಮಧ್ಯಾಹ್ನದ ತನಕ ಬಿಸಿಲುಂಡ ಎಲೆಯನ್ನು ಕಿತ್ತು ನೀರಲ್ಲಿ ಕುದಿಸಿದ. ಆಮೇಲೆ ದವಾಖಾನೆಯ ಸ್ಪಿರಿಟ್ಟಿನ ಬಟ್ಟಲಲ್ಲಿ ಮುಳುಗಿಸಿ, ಬಟ್ಟಲನ್ನು ಬಿಸಿನೀರಲ್ಲಿಟ್ಟ. ವಾಸನೆಗೆ ಅತ್ತೆ ಮೂಗು ಮುಚ್ಚಿಕೊಂಡು ಓಡಿಬಂದಳು.

"ಏನ್ರೀ, ಹಗಲೇ ಕುಡ್ಯಾಕತ್ತೀರೇನು?"

"ನಾನಲ್ಲ, ಎಲಿ ಕುಡ್ಯಾಕತ್ತದ."

ಹಸಿರೆಲ್ಲ ಬಿಟ್ಟು ಎಲೆ ಬಿಳಚಿತು. ತೊಳೆದು ತಾಟಿನಲ್ಲಿ ಹರಡಿ, ಗಾಯಕ್ಕೆ ಹಚ್ಚುವ ಅಯೋಡಿನ್ ಹನಿಸಿದ. ಗಂಜಿಯಿದ್ದಲ್ಲಿ ಮಾತ್ರ ಅದು ಕಡುನೀಲಿಯಾಗುತ್ತದಂತೆ. ನಾನೂ ಅತ್ತೆಯೂ ತಾಟಿನ ಮೇಲೆ ಬಗ್ಗಿದೆವು. ಕಾಗದ ಮುಚ್ಚಿದ್ದ ಜಾಗಕ್ಕೆ ಅಯೋಡಿನ್ನಿನ ಕಂದುಬಣ್ಣವಷ್ಟೇ ಹತ್ತಿತು. ನಡುವೆ, ಬಿಸಿಲು ಬಿದ್ದಲ್ಲಿ, ಮೆಲ್ಲಗೆ ಕಡುನೀಲಿಯಾಗಿ ಮೂಡಿತು ನೋಡಿ, ಗಚ್ಚು ಮೆತ್ತುವ ಕರಣಿ! ಹಿಡಿಕೆ ಸಮೇತ ನನ್ನದೇ ಕರಣಿ!

"ಛಲೋ ಗೌಂಡಿ ಅದಿ ನೀ. ಅದಕ್ಕ ಸೂರ್ಯನ ಕೈಲೇ ನಿನ್ನ ಕರಣಿ ಬರಸೀನಿ" ಅಂದ ಮಾವ.

ಸೋತೆನೋ ಗೆದ್ದೆನೋ ತಿಳಿಯಲಿಲ್ಲ. ಸಂಜೆಯೊಳಗೆ ಮೂರಡಿ ಇಳಿಸಿದೆ, ಆಡಿಗೆ ಹೆದರಿ ಮೇಲೆ ಜಾಲಿಮುಳ್ಳು ಇಟ್ಟೆ. ಬಾಳೆಗಳು ಆ ವರ್ಷ ಹಾಕಿದ ಗೊನೆ ಹೊರಲು ಇಬ್ಬರು ಬೇಕಾದರು!

ಎಷ್ಟೋ ವರ್ಷದ ಮೇಲೆ ಮಾವನ ಕಾಲಿನ ಸ್ವಾಧೀನ ತಪ್ಪಿತು. ಕತ್ತಲೆಯ ಒಳಕೋಣೆಯಲ್ಲಿ ಮಲಗಿ, ಎಲೆ ಒರೆಸಿದಿರೇನು ಎಂದಷ್ಟೇ ಕೇಳುತ್ತಿದ್ದ. ಒಂದು ಬೆಳಿಗ್ಗೆ ಓಣಿಯವನೊಬ್ಬನ ಜೊತೆ ಸೇರಿ, ಮಲಗಿದ್ದ ಹೊರಸು ಸಮೇತ ಎತ್ತಿ ಹಿತ್ತಲಿಗೆ ತಂದೆ. ನಾನು ಇಳಿಸಿದ ಗೋಡೆಯ ಮೇಲಿಂದ ಬಿಸಿಲು ಹರಿದು ಬಾಳೆಗೆ ತಾಗಿತು, ಆಮೇಲೆ ಆತನ ಪಾದಕ್ಕೆ. ಮಾತಾಡಿಸಲು ಹೋದೆ. ಮಾವ ನನ್ನ ಗಚ್ಚುಗೈ ಹಿಡಿದುಕೊಂಡ.

"ಸುಮ್ಮ ಕೂಡು. ಅಡಗಿ ಶುರುವಾಗ್ಯದ."