ಒಂದು ಕಿಟಕಿ ಸೀಟಿನ ಸಲುವಾಗಿ

ಊರೂರು ತಿರುಗಿ ಬಂದವರೆಲ್ಲ ಮನೆಗೆ ಬಂದು ಸವಿಸವಿಯಾದ ಕಥೆ ಹೇಳುತ್ತಾರೆ. ನನಗೆ ಮಾತ್ರ ಎಲ್ಲಿ ಹೋದರೂ ಸಿಟ್ಟು ಬರುವಂಥದ್ದೇ ಆಗುತ್ತದೆ. ಅದನ್ನು ಹೇಳಿದರೆ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತದೆ.

ನಾನು ಕುಂದಗೋಳ ತಾಲೂಕಿನ ಕುಬಿಹಾಳದವಳು, ಬಾಜು ಊರಿನ ಶಾಲೆಯಲ್ಲಿ ಗಣಿತದ ಟೀಚರು. ಹುಟ್ಟಿದಾಗಿನಿಂದ ನನಗೆ ಕಿಟಕಿ ಸೀಟು ಸಿಕ್ಕಿದ್ದಿಲ್ಲ. ಸಣ್ಣವಳಿದ್ದಾಗ ಅದು ಅಣ್ಣನದು, ಯಾಕೆಂದರೆ ಅವನು ಗಂಡುಮಗ. ಮದುವೆಯಾದ ಮೇಲೆ ಗಂಡನದು, ಯಾಕೆಂದರೆ ಅವರು ಎಲೆ ಅಡಿಕೆ ಉಗುಳಬೇಕು. ಆಮೇಲೆ ಮಕ್ಕಳದು, ಕೊಡದಿದ್ದರೆ ಅಳುತ್ತವೆ. ಶಾಲೆಯ ಪ್ರವಾಸಕ್ಕೆ ಹೋದರೆ ವಾಂತಿ ಮಾಡುವ ಹುಡುಗರದು. ದಿನಾ ಶಾಲೆಗೆ ಹೋಗುವ ಬಸ್ಸಿನಲ್ಲಂತೂ ಸೀಟಿಗೇ ಗತಿಯಿಲ್ಲ, ಕಿಟಕಿಯ ಮಾತೆಲ್ಲಿ ಬಂತು.

ಹಾಗಾಗಿ ಈ ಸಲ ಬೇಸಿಗೆ ರಜೆಯಲ್ಲಿ ಹಟ ಹಿಡಿದೆ. ಮಗಳ ಹಳೆಯ ಕಾಲೇಜು ಚೀಲ ಬೆನ್ನಿಗೆ ಹಾಕಿಕೊಳ್ಳುವುದು, ಕೆಂಪು ಬಸ್ಸು, ಜನರಲ್ ಡಬ್ಬಿ, ಧರ್ಮಶಾಲೆ, ಬುತ್ತಿಗೆ ರೊಟ್ಟಿ ಮತ್ತು ಶೇಂಗಾ ಹಿಂಡಿ. ಕೊಲ್ಲಾಪುರ, ಪುಣೆ, ಮುಂಬೈ. ದೇವರಿಗೂ ಅಲ್ಲ, ಸೀರೆ ಖರೀದಿಗೂ ಅಲ್ಲ. ಕಿಟಕಿ ಬಾಜು ಕೂತು ಹೊರಗೆ ನೋಡುತ್ತ ಹೋಗಬೇಕು, ಅಷ್ಟೇ. ನಲವತ್ತೆಂಟರ ಹೆಂಗಸು ಇಷ್ಟು ಆಸೆ ಪಡಬಾರದೇನು?

"ಒಬ್ಬಾಕಿನ ಹೋಗಬ್ಯಾಡ" ಅಂದರು ಮನೆಯವರು. ಅಂದು, ನನ್ನ ನೆಗೆಣ್ಣಿಯನ್ನು ಜೊತೆಗೆ ಗಂಟು ಹಾಕಿದರು. ನೆಗೆಣ್ಣಿ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕಾ ಅನ್ನುತ್ತೇನೆ, ಆಕೆ ನನ್ನನ್ನು ತಂಗಿ ಅನ್ನುತ್ತಾಳೆ. ಮುಂದಿನದ್ದೆಲ್ಲ ಆಕೆಯ ಕೃಪೆ.

ಹೊಟ್ಟೆ ತೊಳಸುವ ರೋಗ

ಹುಬ್ಬಳ್ಳಿಯಲ್ಲಿ ಕೊಲ್ಲಾಪುರದ ಬಸ್ಸು ಹತ್ತಿದೆವು. ಇಬ್ಬರು ಕೂರುವ ಸೀಟು. ನಾನು ಕಿಟಕಿಯ ಕಡೆ ಸರಿಯುವಷ್ಟರಲ್ಲಿ ಅಕ್ಕ ನನ್ನ ರಟ್ಟೆ ಹಿಡಿದಳು.

"ತಂಗಿ, ಕಿಟಕಿ ನನಗ ಬೇಕವಾ. ಬಸ್ ಹತ್ತಿದ್ರ ಹೊಟ್ಟಿ ತೊಳಸತೈತಿ."

ಹೊಟ್ಟೆ ತೊಳಸುವವರ ಜೊತೆ ವಾದ ಮಾಡಲಿಕ್ಕೆ ಆಗುತ್ತದೆಯೇ? ಬಿಟ್ಟುಕೊಟ್ಟೆ. ಆಕೆ ಕೂತಳು. ಕೂತವಳೇ ಗಾಳಿ ಕಿವಿಗೆ ಬಡಿಯುತ್ತದೆಂದು ಗಾಜು ಮುಚ್ಚಿದಳು. ಬಿಸಿಲು ಬೀಳುತ್ತದೆಂದು ಗಾಜಿಗೆ ಶಾಲು ಅಡ್ಡ ಸಿಕ್ಕಿಸಿದಳು. ಬಸ್ಸು ಇನ್ನೂ ಸ್ಟ್ಯಾಂಡು ಬಿಟ್ಟಿರಲಿಲ್ಲ, ತಲೆಯನ್ನು ಆ ಶಾಲಿಗೆ ಆನಿಸಿ ಗೊರಕೆ ಹೊಡೆಯತೊಡಗಿದಳು.

ನಾನು ಬೆಳಗಾವಿ ನೋಡಲಿಲ್ಲ, ನಿಪ್ಪಾಣಿ ನೋಡಲಿಲ್ಲ, ಘಟಪ್ರಭೆ ದಾಟಿದ್ದೂ ಗೊತ್ತಾಗಲಿಲ್ಲ. ನೋಡಿದ್ದೆಲ್ಲ ಮುಂದಿನ ಸೀಟಿನವನ ಬೋಳುತಲೆ. ಮೈಯೆಲ್ಲ ಉರಿಯುತ್ತಿತ್ತು. ಕೊಲ್ಲಾಪುರದಲ್ಲಿ ಅಕ್ಕ ಕಣ್ಣು ಉಜ್ಜಿಕೊಂಡು ಎದ್ದಳು.

"ಒಮ್ಮಿನೂ ವಾಂತಿ ಆಗಲಿಲ್ಲಲ್ಲ ಅಕ್ಕಾ?" ಅಂದೆ, ಹಲ್ಲು ಕಚ್ಚಿಕೊಂಡು.

"ಕಿಟಕಿ ಬಾಜು ಕುಂತರ ಯಾಕ ಆಗತೈತಿ?" ಅಂದಳು.

ಪೂರ್ತಿ ಟಿಕೆಟು

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಕಂಡಕ್ಟರ್ ಬಂದರೆ ಆಧಾರ್ ಕಾರ್ಡು ಎತ್ತಿ ಹಿಡಿಯುವುದು, ಮತ್ತೆ ಕಣ್ಣು ಮುಚ್ಚುವುದು. ಕೊಲ್ಲಾಪುರದಿಂದ ಪುಣೆಗೆ ಹೋಗುವ ಬಸ್ಸು ಬೇರೆ ರಾಜ್ಯದ್ದು ಎಂದು ನಾನು ಎಷ್ಟು ಹೇಳಿದರೂ ಅಕ್ಕ ಕೇಳಲಿಲ್ಲ. ಕಿಟಕಿ ಬಾಜು ಕೂತು (ಮತ್ತೆ ಆಕೆಯೇ), ಕಾರ್ಡು ಎತ್ತಿ, ಕಣ್ಣು ಮುಚ್ಚಿದಳು.

ಕಂಡಕ್ಟರ್ ಗಡಿ ಕಡೆಯವ, ಹರಕುಮುರುಕು ಕನ್ನಡ ಬರುತ್ತಿತ್ತು. ಕಾರ್ಡು ಓದಿದ, ಅಕ್ಕನ ಮುಖ ನೋಡಿದ.

"ಆಜೀ, ಇಲ್ಲೆ ಅಗದಿ ಮುದುಕರಿಗೆ ಅಷ್ಟ ಪುಕ್ಕಟ. ನಿಮಗ ಇನ್ನೂ ಭಾಳ ವರ್ಷ ಐತಿ. ಅರ್ಧ ಟಿಕೆಟ್ ತಗೋರಿ."

ಆಜಿ ಅಂದರೆ ಅಜ್ಜಿ ಎನ್ನುವಷ್ಟು ಮರಾಠಿ ಅಕ್ಕನಿಗೆ ಗೊತ್ತು. ಕಣ್ಣು ತೆರೆದಳು. ಮನೆಯಲ್ಲಿ ಮೊಮ್ಮಗ ಅಜ್ಜಿ ಅಂದರೂ ಸಿಡುಕುವವಳು ಆಕೆ.

"ಯಾರಿಗೆ ಆಜಿ ಅಂತೀಯಪಾ? ಅರ್ಧ ಬ್ಯಾಡ ನನಗ. ಪೂರ್ತಿ ಟಿಕೆಟ್ ಹರಿ!"

ಅರ್ಧ ಟಿಕೆಟು ವಯಸ್ಸಿಗಲ್ಲ, ಅಲ್ಲಿ ಎಲ್ಲ ಹೆಂಗಸರಿಗೂ ಅರ್ಧವೇ ಎಂದು ಅವನು ಹೇಳಿದ, ನಾನು ಹೇಳಿದೆ, ಹಿಂದಿನ ಸೀಟಿನವರೂ ಹೇಳಿದರು. ಅಕ್ಕ ಬಗ್ಗಲಿಲ್ಲ. ಇಡೀ ಬಸ್ಸು ನಮ್ಮ ಕಡೆಗೇ ತಿರುಗಿತ್ತು. ನನಗೆ ನಾಚಿಕೆ, ಸಿಟ್ಟು, ಎರಡೂ ಒಟ್ಟಿಗೇ ಬಂದವು. ಕಡೆಗೆ ಅವನು ಸೋತು ಪೂರ್ತಿ ಟಿಕೆಟು ಹರಿದು, ನನ್ನ ಕಡೆ ಕೈ ತೋರಿಸಿ, "ಇವರಿಗೆ?" ಅಂದ.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು, "ಆಕಿಗೆ ಅರ್ಧ ಕೊಡ್ರಿ. ಆಕಿಗೆ ವಯಸ್ಸಾಗೈತಿ."

ಟವೆಲ್ಲು

ನಮ್ಮ ಕಡೆ ಸೀಟು ಹಿಡಿಯುವುದಕ್ಕೆ ಒಂದು ಕಾಯ್ದೆ ಇದೆ. ಬಸ್ಸು ಸ್ಟ್ಯಾಂಡಿಗೆ ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಒಗೆಯಬೇಕು. ಟವೆಲ್ಲು ಎಲ್ಲಿ ಬಿತ್ತೋ ಆ ಸೀಟು ನಿಮ್ಮದು. ಆಮೇಲೆ ನೀವು ಚಹಾ ಕುಡಿದು ಬಂದರೂ ಅದು ನಿಮ್ಮದೇ. ತಹಸೀಲ್ದಾರರೇ ಬಂದರೂ ಟವೆಲ್ಲು ಬಿದ್ದ ಸೀಟು ಮುಟ್ಟುವುದಿಲ್ಲ.

ಪುಣೆಯಲ್ಲಿ ಸಿಟಿ ಬಸ್ಸಿಗೆ ಜನ ಸಾಲು ಹಚ್ಚಿ ನಿಂತಿದ್ದರು. ಬಸ್ಸು ಬರುತ್ತಲೇ ನಾನು ಸಾಲು ಬಿಟ್ಟು ಓಡಿ, ಚೀಲದಿಂದ ಟವೆಲ್ಲು ಎಳೆದು, ಗುರಿ ನೋಡಿ ಒಗೆದೆ. ಕಿಟಕಿ ಸೀಟಿನ ಮೇಲೇ ಬಿತ್ತು. ಅಕ್ಕನ ಕಡೆ ತಿರುಗಿ, "ಈ ಸಲ ನನ್ನದು!" ಅಂದೆ. ಬಹಳ ವರ್ಷಗಳ ಮೇಲೆ ಅಷ್ಟು ಖುಷಿಯಾಗಿತ್ತು. ಗೆದ್ದವರಿಗೆ ಅವಸರವೇನು, ಎಲ್ಲರೂ ಹತ್ತಲಿ ಎಂದು ನಿಧಾನ ಹತ್ತಿದೆ.

ಒಳಗೆ ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬ ಮನುಷ್ಯ ನನ್ನ ಟವೆಲ್ಲಿನಿಂದ ಸೀಟಿನ ಧೂಳು ಒರೆಸುತ್ತಿದ್ದ. ಸೀಟು ಮುಗಿಸಿ ಗಾಜು ಒರೆಸಿದ. ಗಾಜು ಮುಗಿಸಿ ತನ್ನ ಬೂಟಿನ ಮೇಲೂ ಒಂದು ಕೈ ಆಡಿಸಿದ. ಆಮೇಲೆ ಆರಾಮಾಗಿ ಕಿಟಕಿ ಬಾಜು ಕೂತು ಟವೆಲ್ಲನ್ನು ಅಂದವಾಗಿ ಮಡಚಿದ.

"ಅದು ನನ್ನದು!" ಅಂದೆ. ಸಿಟ್ಟಿನಲ್ಲಿ ಹಿಂದಿ, ಕನ್ನಡ ಎಲ್ಲ ಕಲಸಿಹೋಗಿತ್ತು.

ಅವನು ಎದ್ದು ನಿಂತು, ಎರಡೂ ಕೈಯಿಂದ ಟವೆಲ್ಲು ಕೊಟ್ಟು, ಥ್ಯಾಂಕ್ಯೂ ಹೇಳಿ, ಮತ್ತೆ ಕೂತ.

ಒಳ್ಳೆಯ ಮಂದಿ

ಮುಂಬೈಯ ಲೋಕಲ್ ರೈಲು. ಮಧ್ಯಾಹ್ನ, ಗದ್ದಲವಿಲ್ಲ. ರೈಲು ಹೊರಡುವ ಸ್ಟೇಶನ್ನಿನಲ್ಲೇ ಹೆಂಗಸರ ಡಬ್ಬಿ ಹತ್ತಿದೆವು. ಕಿಟಕಿಯ ಗಾಜು ಮೇಲಕ್ಕೆ ಸರಿಸಿಟ್ಟಿದ್ದರು, ಇಳಿಸಿ ಮುಚ್ಚಲಿಕ್ಕೆ ಬರಲಿಲ್ಲ. ಗಾಳಿ ಕಿವಿಗೆ ಬಡಿಯುತ್ತದೆಂದು ಅಕ್ಕ ತಾನಾಗಿಯೇ, "ನೀನ ಕುಂದ್ರು" ಅಂದಳು. ನಾನು ಕೂತೆ. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತು.

ಮುಂದಿನ ಸ್ಟೇಶನ್ನಿನಿಂದ ಹೆಂಗಸರು ಹತ್ತತೊಡಗಿದರು. ಹತ್ತಿದವರು ಹತ್ತಿದ ಹಾಗೆ ನನ್ನ ಕಡೆ ಕೈ ತೋರಿಸಿ ಅಕ್ಕನನ್ನು ಏನೋ ಕೇಳುತ್ತಿದ್ದರು. ಅಕ್ಕ ನಗುನಗುತ್ತ ತಲೆ ಆಡಿಸುತ್ತಿದ್ದಳು. ನಾನು ಹೊರಗೆ ನೋಡುವುದರಲ್ಲಿ ಮೈಮರೆತಿದ್ದೆ. ಹಳಿ, ಗೋಡೆ, ಒಣಗಲು ಹಾಕಿದ ಬಟ್ಟೆ, ಏನು ಕಂಡರೂ ಚೆಂದ ಅನ್ನಿಸುತ್ತಿತ್ತು.

ದಾದರ್ ಬಂತು. ಒಬ್ಬಳು ನನ್ನ ಭುಜ ತಟ್ಟಿ ಏಳು ಅಂದಳು. ನಾನು ಇನ್ನೂ ಮುಂದೆ ಠಾಣೆ ಎಂಬ ಊರಿನವರೆಗೆ ಹೋಗಬೇಕು, ಏಳುವುದಿಲ್ಲ ಅಂದೆ. ಅಷ್ಟರಲ್ಲಿ ಇನ್ನೊಬ್ಬಳು ಈ ಸೀಟು ಕುರ್ಲಾದಿಂದ ತನ್ನದು ಎಂದು ಎದ್ದಳು. ಮೂರನೆಯವಳು ಘಾಟಕೋಪರ್‌ನಿಂದ ತನ್ನದು ಅಂದಳು. ಎಲ್ಲರೂ ಬೊಟ್ಟು ಮಾಡಿದ್ದು ಅಕ್ಕನ ಕಡೆಗೆ.

ಆಗ ತಿಳಿಯಿತು. ಅಲ್ಲಿಯ ಪದ್ಧತಿ ಅದು. ಕೂತವರನ್ನು ಎಲ್ಲಿ ಇಳಿಯುತ್ತೀರಿ ಎಂದು ಕೇಳಿ, ಇಳಿದ ಮೇಲೆ ಆ ಸೀಟು ತನ್ನದೆಂದು ಬಾಯಿಮಾತಿನಲ್ಲೇ ಹಿಡಿದಿಡುತ್ತಾರೆ. ಅವರು ದಾದರ್ ಅಂದರೆ ಅಕ್ಕ ಹಾಂ, ಕುರ್ಲಾ ಅಂದರೂ ಹಾಂ, ಘಾಟಕೋಪರ್ ಅಂದರೂ ಹಾಂ. ನಾನು ಕೂತಿರುವಾಗಲೇ ನನ್ನ ಸೀಟನ್ನು ಮೂವರಿಗೆ ಹಂಚಿ ಕೊಟ್ಟಿದ್ದಳು! ಮೂವರ ಜಗಳದಲ್ಲಿ ನನ್ನ ಕಿವಿ ಹರಿದುಹೋಗುವಂತಾಯಿತು. ಎದ್ದು ಬಾಗಿಲ ಹತ್ತಿರ ನಿಂತೆ. ಅಕ್ಕ ಕೂತಲ್ಲೇ ಕೂತಿದ್ದಳು, ಆಕೆಯ ಸೀಟು ಯಾರೂ ಕೇಳಿರಲಿಲ್ಲ.

"ಎಷ್ಟ ಒಳ್ಳೆ ಮಂದಿ ನೋಡ ತಂಗಿ" ಅಂದಳು. "ಎಲ್ಲಾರೂ ಎಲ್ಲಿ ಇಳೀತೀರಿ ಅಂತ ಕಾಳಜೀಲೆ ಕೇಳ್ತಾರ. ನಮ್ಮೂರ ಬಸ್ಸಿನ್ಯಾಗ ಯಾವಾಕಿ ಕೇಳತಾಳ?"

ಹಸಿರು

ವಾಪಸು ಬರುವ ರೈಲಿನಲ್ಲಿ ನಾನು ಬಾಯಿ ಬಿಟ್ಟು ಜಗಳವನ್ನೇ ಮಾಡಿದೆ. ಬೇರೆ ಎಲ್ಲ ದಾರಿಯೂ ನೀನೇ ಇಟ್ಟುಕೋ, ಲೋಂಡಾದಿಂದ ಅಳ್ನಾವರದವರೆಗೆ ಕಾಡು ಬರುತ್ತದೆ, ಅಷ್ಟು ದಾರಿ ಕಿಟಕಿ ನನಗೆ ಬಿಡು ಅಂದೆ. ನನ್ನ ಮುಖ ನೋಡಿ ಅಕ್ಕ ಹೆದರಿರಬೇಕು. ಲೋಂಡಾ ಬರುತ್ತಲೇ ಎದ್ದು ಜಾಗ ಕೊಟ್ಟಳು. ನಾನು ಕೂತು ಕಿಟಕಿಯ ಸರಳು ಹಿಡಿದುಕೊಂಡೆ.

ರೈಲು ಬಿಟ್ಟಿತು. ಅಕ್ಕ ಚೀಲದಿಂದ ಹಸಿ ಸೀರೆ ತೆಗೆದಳು. ಹಿಂದಿನ ಸಂಜೆ ಧರ್ಮಶಾಲೆಯಲ್ಲಿ ಒಗೆದದ್ದು, ಒಣಗಿರಲಿಲ್ಲ.

"ನಿನ್ನ ಕಡೆ ಬಿಸಲು ಚೊಲೋ ಐತಿ" ಎನ್ನುತ್ತ ಆ ಸೀರೆಯನ್ನು ಕಿಟಕಿಯ ಸರಳಿಗೆ ಉದ್ದಕ್ಕೂ ಹರವಿದಳು. "ಆ ತುದಿ ಗಟ್ಟಿ ಹಿಡಕೋ, ಗಾಳಿಗೆ ಹಾರತೈತಿ. ಅದು ನಮ್ಮ ಅವ್ವ ಕೊಟ್ಟ ಸೀರಿ."

ಅವ್ವ ಕೊಟ್ಟ ಸೀರೆಯನ್ನು ಕಾಡಿಗೆ ಹಾರಿಬಿಡುವಷ್ಟು ಕೆಟ್ಟವಳು ನಾನಲ್ಲ. ಆಗಬೇಕಿತ್ತು. ಅಳ್ನಾವರ ಬರುವವರೆಗೂ ಎರಡೂ ಕೈಯಿಂದ ಹಿಡಿದುಕೊಂಡು ಕೂತೆ. ಅಳ್ನಾವರದಲ್ಲಿ ಅಕ್ಕ ಸೀರೆ ಮುಟ್ಟಿ ನೋಡಿ, ಒಣಗಿತು ಎಂದು ಮಡಚಿಟ್ಟು, ನನ್ನನ್ನು ಎಬ್ಬಿಸಿದಳು.

ಮನೆಗೆ ಬಂದ ಮೇಲೆ ನನ್ನ ಗಂಡ ಕೇಳಿದರು, "ಕಾಡು ಹಸರ ಇತ್ತೇನು?"

"ಸೀರಿ ಹಸರ ಇತ್ತು" ಅಂದೆ.

ಊರ ಬಸ್ಸು

ಆದರೆ ಮನೆ ಮುಟ್ಟುವ ಮೊದಲು ಇನ್ನೊಂದು ಬಾಕಿ ಇತ್ತು. ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಅಕ್ಕ ತವರುಮನೆಗೆ ಹೋಗಿ ಬರುತ್ತೇನೆಂದು ತಿರ್ಲಾಪುರದ ಬಸ್ಸು ಹಿಡಿದಳು. ನಾನು ಒಬ್ಬಳೇ ಉಳಿದೆ. ಕುಬಿಹಾಳದ ಬಸ್ಸು ಬಂತು. ಅದೇ ಟವೆಲ್ಲು, ಅದೇ ಕೈ. ಒಗೆದೆ. ನಮ್ಮ ಮಂದಿ ಕಾಯ್ದೆ ಬಲ್ಲವರು, ಯಾರೂ ಮುಟ್ಟಲಿಲ್ಲ. ಹೋಗಿ ಕಿಟಕಿ ಬಾಜು ಕೂತೆ. ಗಾಜು ಪೂರಾ ಸರಿಸಿದೆ. ಇನ್ನು ಯಾರು ಬಂದರೂ ಏಳುವವಳಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡೆ.

ಕಿಟಕಿ ಬಾಜು ಕೂತವರಿಗೆ ಏನು ಕೆಲಸ ಎಂಬುದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಹೊರಗಿನಿಂದ ಒಬ್ಬ, "ಅಕ್ಕಾರ, ಈ ಟವೆಲ್ ಹಿಂದಿನ ಸೀಟಿಗೆ ಒಗೀರಿ" ಅಂದ. ಒಗೆದೆ. ಇನ್ನೊಬ್ಬ ಚೀಲ ಕೊಟ್ಟ. ಮತ್ತೊಬ್ಬಳು ಬದನೆಕಾಯಿ ಗಂಟು ತೂರಿಸಿದಳು. ಹೊರಗೆ ನೋಡಬೇಕೆಂದು ಕೂತ ನಾನು ಹಮಾಲಿ ಮಾಡುತ್ತಿದ್ದೆ.

ಕಡೆಗೆ ಒಂದು ಕೂಸು ಬಂತು.

"ಬಾಜು ಸೀಟಿನ್ಯಾಗ ಕುಂದರಸ್ರಿ ಯವ್ವಾ, ನಾ ಬಾಗಲದಿಂದ ಬರ್ತೀನಿ!" ಎಂದು ಕೆಳಗಿನಿಂದ ಒಬ್ಬ ಮುದುಕಿ ಕೂಗಿದಳು. ನನ್ನ ಮುಖ ಆಕೆ ನೋಡಲಿಲ್ಲ, ನಾನು ಚಾಚಿದ ಕೈ ಮಾತ್ರ ನೋಡಿದಳು. ಕೂಸನ್ನು ಬಾಜು ಸೀಟಿನಲ್ಲಿ ಕೂರಿಸಿದೆ. ಒದ್ದೆ ಮಾಡೀತೆಂದು ಕೆಳಗೆ ನನ್ನ ಟವೆಲ್ಲು ಹಾಸಿದೆ. ನಾನು ಅಂದುಕೊಂಡ ಹಾಗೇ ಮಾಡಿತು.

ಜನ ನುಗ್ಗಿ ತುಂಬಿದರು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಮುದುಕಿಯ ಪತ್ತೆ ಇಲ್ಲ. ಒಳಗೆ ನೋಡಿದರೆ ಬರೀ ಮೊಣಕೈಗಳು. "ಯಾರ ಕೂಸರೀ ಇದು?" ಎಂದು ಕಿರುಚಿದೆ. ಕೂಸು ಹೋ ಎಂದು ಅಳತೊಡಗಿತು.

"ಪಾಪ, ಮುದುಕಿ ಕೆಳಗ ಉಳದಿರಬೇಕು" ಅಂದರು ಎಲ್ಲರೂ. ಪಾಪ ಅನ್ನಲಿಕ್ಕೆ ಎಲ್ಲರಿಗೂ ಬಾಯಿ ಇತ್ತು, ಎದ್ದು ಹೋಗಿ ಹುಡುಕಲಿಕ್ಕೆ ಒಬ್ಬರಿಗೂ ಕಾಲಿರಲಿಲ್ಲ. ಎಲ್ಲರಿಗೂ ಸೀಟು ಸಿಕ್ಕಿತ್ತಲ್ಲ!

ಸ್ಟ್ಯಾಂಡಿನ ಗೇಟಿನ ಹತ್ತಿರ ಕಂಡಕ್ಟರ್ ಬಸ್ಸು ನಿಲ್ಲಿಸಿದ. "ಲಗೂನ ಇಳದು ನೋಡ್ರಿ ಟೀಚರ್" ಅಂದ, ನನಗೇ. ನಾನು ಕೂಸಿನ ಮುಖ ನೋಡಿದೆ. ಕಿಟಕಿ ನೋಡಿದೆ. ಮತ್ತೆ ಕೂಸಿನ ಮುಖ ನೋಡಿದೆ. ಎತ್ತಿಕೊಂಡು, ಎಲ್ಲರ ಕಾಲು ತುಳಿಯುತ್ತ, ಎಲ್ಲರನ್ನೂ ಬೈಯುತ್ತ ಮುಂದಿನ ಬಾಗಿಲಿನಿಂದ ಇಳಿದೆ. ಇಳಿದ ಮೇಲೆ ನೋಡಿಕೊಂಡರೆ ಟವೆಲ್ಲೂ ಕೂಸಿನ ಜೊತೆ ನನ್ನ ಕೈಯಲ್ಲೇ ಬಂದಿತ್ತು. ಅಲ್ಲಿ ನನ್ನ ಸೀಟಿನ ಮೇಲೆ ಈಗ ಏನೂ ಇರಲಿಲ್ಲ.

ಗೇಟಿನ ಆಚೆ ನೋಡಿದೆ, ಈಚೆ ನೋಡಿದೆ. ಮುದುಕಿ ಎಲ್ಲೂ ಇಲ್ಲ. ಆಗ ಹಿಂದಿನಿಂದ, ಬಸ್ಸಿನಿಂದಲೇ, ಆ ಮುದುಕಿಯ ಧ್ವನಿ ಬಂತು.

ತಿರುಗಿದೆ. ಆಕೆ ಹಿಂದಿನ ಬಾಗಿಲಿನಿಂದ ಹತ್ತಿ, ಗದ್ದಲದಲ್ಲಿ ಸಿಕ್ಕಿಕೊಂಡು, ಈಗಷ್ಟೇ ಮುಂದೆ ಬಂದಿದ್ದಳು. ನನ್ನ ಕಿಟಕಿ ಬಾಜು, ನನ್ನ ಸೀಟಿನಲ್ಲಿ ಕಾಲು ಮಡಚಿ ಕೂತಿದ್ದಳು. ಕೂಸು ಹೊರಗೆ ಹೇಗೆ ಹೋಯಿತು ಎಂದೂ ಕೇಳಲಿಲ್ಲ. ಎರಡೂ ಕೈ ಹೊರಗೆ ಚಾಚಿ, ಬಾಯ್ತುಂಬ ನಗುತ್ತ ಕೂಗಿದಳು:

"ಕೂಸಿನ್ನ ಇಲ್ಲೆ ಕೊಡ ಯವ್ವಾ! ನಮ್ಮ ದೈವ ಚೊಲೋ ಐತಿ, ಯಾರೋ ಪುಣ್ಯಾತಗಿತ್ತಿ ಕಿಟಕಿ ಸೀಟು ಬಿಟ್ಟು ಇಳದ ಹೋಗ್ಯಾಳ!"